ಕಣ್ಣ ಮೇಲೆ ಎರಡು ತಾಮ್ರದ ಕಾಸು

ನೆಕ್ರೊಮ್ಯಾನ್ಸಿ (ಸಾವು, ಸತ್ತವರ ಕುರಿತ ಮಾಟವಿದ್ಯೆ) ಅಂದ ಕೂಡಲೇ ಕಣ್ಣ ಮುಂದೆ ಬರುವುದು ಮಣ್ಣು ಸರಿಸಿಕೊಂಡು ಏಳುವ ಅಸ್ಥಿಪಂಜರ, ಗೋರಿ ಪಕ್ಕ ನಿಂತು ಏನೋ ಗೊಣಗುತ್ತಿರುವ ಕಪ್ಪು ನಿಲುವಂಗಿಯ ಮನುಷ್ಯ. ಆದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಇದೇ ಶಾಖೆಗೆ ಸೇರಿದ ಒಂದು ಸಣ್ಣ ಮಂತ್ರವಿದೆ. ಅದನ್ನು ಹಾಕಿದರೆ ಏನೂ ಆಗುವುದಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಹೆಣ ಹೆಣವಾಗಿಯೇ ಇರುತ್ತದೆ. ಕೊಳೆಯುವುದಿಲ್ಲ, ಎದ್ದು ಓಡಾಡುವುದೂ ಇಲ್ಲ. ಹೆಸರು ಜೆಂಟಲ್ ರಿಪೋಸ್. ಮಂತ್ರಗಳ ಪಟ್ಟಿ ಓದುತ್ತಾ ಹೋಗುವವರು ಇದನ್ನು ದಾಟಿಕೊಂಡು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಬೆಂಕಿ ಇಲ್ಲ, ಡ್ಯಾಮೇಜ್ ಇಲ್ಲ, ದಾಳ ಉರುಳಿಸುವ ಸಂದರ್ಭವೂ ಇಲ್ಲ. ಇದರ ಬೆಲೆ ತಿಳಿಯುವುದು ಗುಂಪಿನಲ್ಲಿ ಒಬ್ಬರು ಸತ್ತ ದಿನ.

ಐದನೇ ಆವೃತ್ತಿಯ 2014ರ ನಿಯಮದಂತೆ (ಮುಂದಿನ ಲೆಕ್ಕಗಳೂ ಅದರವೇ) ಇದು ಎರಡನೇ ಲೆವೆಲ್‌ನ ಮಂತ್ರ. ಹಾಕಲು ಒಂದು ಆ್ಯಕ್ಷನ್ (ಒಂದು ಸರದಿಯ ಕೆಲಸ) ಸಾಕು, ಹೆಣವನ್ನು ಮುಟ್ಟಿರಬೇಕು, ಪರಿಣಾಮ 10 ದಿನ. ಕಾನ್ಸಂಟ್ರೇಶನ್, ಅಂದರೆ ಹಾಕಿದವರು ಅದರ ಮೇಲೇ ಮನಸ್ಸಿಟ್ಟಿರುವುದು, ಬೇಡ. ದೇವರ ಶಕ್ತಿಯಿಂದ ಮಂತ್ರ ಹಾಕುವ ಕ್ಲೆರಿಕ್‌ಗೂ, ಪುಸ್ತಕದಿಂದ ಮಂತ್ರ ಕಲಿಯುವ ವಿಝಾರ್ಡ್‌ಗೂ ಸಿಗುತ್ತದೆ. ರಿಚುಯಲ್ ಆಗಿ, ಅಂದರೆ ನಿಧಾನದ ವಿಧಿಯಾಗಿ, ಹಾಕಿದರೆ 10 ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಸ್ಲಾಟ್ (ದಿನಕ್ಕೆ ಇಷ್ಟೇ ಎಂದು ಸಿಗುವ ಮಂತ್ರದ ಪಾಲು) ಖರ್ಚಾಗುವುದಿಲ್ಲ. ಬೇಕಾಗುವ ಸಾಮಗ್ರಿ ಒಂದು ಚಿಟಿಕೆ ಉಪ್ಪು, ಜೊತೆಗೆ ಹೆಣದ ಪ್ರತಿ ಕಣ್ಣಿನ ಮೇಲೆ ಒಂದೊಂದು ತಾಮ್ರದ ನಾಣ್ಯ. ನಾಣ್ಯಗಳು ಮಂತ್ರ ಇರುವಷ್ಟು ಕಾಲವೂ ಅಲ್ಲೇ ಇರಬೇಕು. ಫಲ ಮೂರು: ದೇಹ ಕೆಡುವುದಿಲ್ಲ, ಅನ್‌ಡೆಡ್ (ಸತ್ತೂ ಓಡಾಡುವ ಜೀವಿ) ಆಗುವುದಿಲ್ಲ, ಮಂತ್ರದ ಅಡಿಯಲ್ಲಿ ಕಳೆದ ದಿನಗಳು ಸತ್ತವರನ್ನು ಬದುಕಿಸುವ ಮಂತ್ರಗಳ ಗಡುವಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದರಲ್ಲಿದೆ ಇಡೀ ಮಂತ್ರದ ಜೀವ. ಉಳಿದೆರಡು ಬೋನಸ್ ಅಂದುಕೊಳ್ಳಿ.

ಬದುಕಿಸುವ ಮಂತ್ರಗಳಿಗೆಲ್ಲ ಒಂದೊಂದು ಗಡುವು ಇದೆ. ಮೂರನೇ ಲೆವೆಲ್‌ನ ರಿವಿವಿಫೈ ಹಾಕಬೇಕಾದರೆ ಸತ್ತು ಒಂದು ನಿಮಿಷ ದಾಟಿರಬಾರದು, ಕೈಯಲ್ಲಿ 300 ಚಿನ್ನದ ನಾಣ್ಯ ಬೆಲೆಯ ವಜ್ರ ಇರಬೇಕು. ಐದನೇ ಲೆವೆಲ್‌ನ ರೈಸ್ ಡೆಡ್‌ಗೆ 10 ದಿನ, 500ರ ವಜ್ರ, ಒಂದು ಗಂಟೆಯ ಕೆಲಸ. ಏಳನೇ ಲೆವೆಲ್‌ನ ರೆಸರೆಕ್ಷನ್‌ಗೆ ನೂರು ವರ್ಷ, 1,000ದ ವಜ್ರ. ಒಂಬತ್ತನೇ ಲೆವೆಲ್‌ನ ಟ್ರೂ ರೆಸರೆಕ್ಷನ್‌ಗೆ 200 ವರ್ಷ, 25,000 ಚಿನ್ನದ ನಾಣ್ಯದಷ್ಟು ವಜ್ರ. ಎಲ್ಲದರಲ್ಲೂ ವಜ್ರ ಮಂತ್ರದೊಂದಿಗೇ ಮಾಯ.

ಈಗ ಕ್ಲೆರಿಕ್ ಬೆಳೆಯುವ ದಾರಿ ನೋಡಿ. ಮಂತ್ರದ ಲೆವೆಲ್ ಬೇರೆ, ಪಾತ್ರದ ಲೆವೆಲ್ ಬೇರೆ. ಎರಡನೇ ಲೆವೆಲ್‌ನ ಮಂತ್ರ ಸಿಗುವುದು ಪಾತ್ರ ಮೂರನೇ ಲೆವೆಲ್ ಮುಟ್ಟಿದಾಗ. ರಿವಿವಿಫೈ ಐದರಲ್ಲಿ. ರೈಸ್ ಡೆಡ್ ಒಂಬತ್ತರಲ್ಲಿ. ಅಂದರೆ ಮೂರರಿಂದ ಒಂಬತ್ತರವರೆಗೆ ಗುಂಪಿನವರು ಸಾಯುವಷ್ಟು ಅಪಾಯಕ್ಕೆ ಕೈಹಾಕುತ್ತಾರೆ, ಸತ್ತವರನ್ನು ತಾವೇ ಎಬ್ಬಿಸುವಷ್ಟು ಶಕ್ತಿ ಇಲ್ಲ, ಅಥವಾ ಶಕ್ತಿ ಇದ್ದರೂ ಜೇಬಿನಲ್ಲಿ ವಜ್ರ ಇಲ್ಲ. ಜೆಂಟಲ್ ರಿಪೋಸ್ ಬಾಳುವುದು ಈ ಸಂದಿನಲ್ಲಿ. ಅದು ಯಾರನ್ನೂ ಬದುಕಿಸುವುದಿಲ್ಲ, ಖಾತೆ ಮುಚ್ಚದಂತೆ ತಡೆಯುತ್ತದೆ.

ಮೊದಲು ರೈಸ್ ಡೆಡ್‌ನ ಲೆಕ್ಕ, ಅದು ಸುಲಭ. ಸೂರ್ಯಾಸ್ತದ ಹೊತ್ತಿಗೆ ಗುಂಪಿನ ಕಾದಾಳು ಫೈಟರ್ ಸತ್ತ ಅಂತಿಟ್ಟುಕೊಳ್ಳಿ. ಕ್ಲೆರಿಕ್ ಆ ದಿನಕ್ಕೆಂದು ಆರಿಸಿ ಸಿದ್ಧ ಮಾಡಿಕೊಂಡ ಮಂತ್ರಗಳಲ್ಲಿ ಇದು ಇರಲಿಲ್ಲ. ತಲೆ ಮೇಲೆ ಕೈಹೊತ್ತು ಕೂರಬೇಕಾಗಿಲ್ಲ. ಎಂಟು ಗಂಟೆಯ ಲಾಂಗ್ ರೆಸ್ಟ್ ಮುಗಿಸಿ, ಬೆಳಿಗ್ಗೆ ಆ ಮಂತ್ರಗಳ ಪಟ್ಟಿ ಬದಲಿಸಿ, ರಿಚುಯಲ್ ಆಗಿಯೇ ಹಾಕಿದರೂ ನಷ್ಟ ಸುಮಾರು ಅರ್ಧ ದಿನ. ಹತ್ತರಲ್ಲಿ ಒಂಬತ್ತೂವರೆ ದಿನ ಇನ್ನೂ ಕೈಯಲ್ಲಿದೆ, ಮತ್ತು ಆ ಗಡಿಯಾರ ಈಗ ನಿಂತಿದೆ. ದಿನಕ್ಕೆ 24 ಮೈಲಿಯ ಸಾಧಾರಣ ನಡಿಗೆಯಲ್ಲಿ 10 ದಿನಕ್ಕೆ 240 ಮೈಲಿ. ಅಷ್ಟರೊಳಗೆ ದೊಡ್ಡ ದೇವಾಲಯ ಸಿಗದಿದ್ದರೆ ಮತ್ತೆ ಹಾಕಿದರಾಯಿತು. ಹಾಗಾಗಿ ರೈಸ್ ಡೆಡ್‌ಗೋಸ್ಕರ ಈ ಮಂತ್ರವನ್ನು ದಿನವೂ ಸಿದ್ಧ ಇಟ್ಟುಕೊಳ್ಳುವುದು ಜಾಗ ಹಾಳು. ಮೂರನೇ ಲೆವೆಲ್‌ನಲ್ಲಿ ವಿಸ್ಡಮ್ (ವಿವೇಕದ ಅಂಕ) 16 ಇರುವ ಕ್ಲೆರಿಕ್ ಸಿದ್ಧ ಮಾಡಿಕೊಳ್ಳಬಹುದಾದದ್ದೇ ಆರು ಮಂತ್ರ. ಅದರಲ್ಲೊಂದನ್ನು ಯಾರೋ ಸತ್ತಾರು ಎಂದು ಮೀಸಲಿಡುವುದು ಅಷ್ಟೇನೂ ಜಾಣತನವಲ್ಲ.

ವಿಝಾರ್ಡ್‌ನ ಕಥೆ ಬೇರೆ. ಪುಸ್ತಕದಲ್ಲಿ ಬರೆದಿದ್ದರೆ ಸಾಕು, ಸಿದ್ಧ ಮಾಡಿಕೊಳ್ಳದೆಯೇ ರಿಚುಯಲ್ ಆಗಿ ಹಾಕಬಹುದು. ಬೇರೆ ಕಡೆ ಸಿಕ್ಕ ಮಂತ್ರವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಲು ಲೆವೆಲ್‌ಗೆ 2 ಗಂಟೆ, 50 ಚಿನ್ನದ ನಾಣ್ಯ. ಇದಕ್ಕೆ 4 ಗಂಟೆ, 100 ನಾಣ್ಯ. ನೆಕ್ರೊಮ್ಯಾನ್ಸಿ ಶಾಖೆ ಹಿಡಿದ ವಿಝಾರ್ಡ್‌ಗೆ ಎರಡೂ ಅರ್ಧ. ಗುಂಪಿನಲ್ಲಿ ವಿಝಾರ್ಡ್ ಇದ್ದರೆ ಈ ಹೊರೆ ಅವರಿಗೇ ಹೊರಿಸುವುದು ಒಳ್ಳೆಯದು.

ರಿವಿವಿಫೈ ಲೆಕ್ಕ ಇಷ್ಟು ಸರಾಗ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಕಾಳಗದಲ್ಲಿ ಎಲ್ಲರಿಗೂ ಒಂದೊಂದು ಸರದಿ ಸಿಗುವ ಒಂದು ರೌಂಡ್ ಅಂದರೆ 6 ಸೆಕೆಂಡ್, ಒಂದು ನಿಮಿಷ ಅಂದರೆ 10 ರೌಂಡ್. ಗಡಿಯಾರ ಶುರುವಾಗುವುದು ಪಾತ್ರದ ಜೀವಬಲದ ಅಂಕ, ಅಂದರೆ ಹಿಟ್ ಪಾಯಿಂಟ್, ಸೊನ್ನೆಗೆ ಬಿದ್ದಾಗ ಅಲ್ಲ, ಆಮೇಲೆ ಜೀವ ಉಳಿಯಲು ಉರುಳಿಸುವ ದಾಳ, ಅಂದರೆ ಡೆತ್ ಸೇವ್, ಮೂರನೇ ಸಲ ಕೈಕೊಟ್ಟಾಗ. ಅಲ್ಲಿಂದ 10 ರೌಂಡ್ ಒಳಗೆ ರಿವಿವಿಫೈ ಬೀಳಬೇಕು. ವಜ್ರ ಇಲ್ಲ, ಅಥವಾ ಮೂರನೇ ಲೆವೆಲ್‌ನ ಸ್ಲಾಟ್‌ಗಳು ಮುಗಿದಿವೆ ಎಂದರೆ, ಅದೇ 10 ರೌಂಡ್ ಒಳಗೆ ಜೆಂಟಲ್ ರಿಪೋಸ್ ಬೀಳಬೇಕು. ಇಲ್ಲಿ ರಿಚುಯಲ್ ಪ್ರಯೋಜನಕ್ಕೆ ಬರುವುದಿಲ್ಲ. ಹತ್ತು ನಿಮಿಷದ ರಿಚುಯಲ್ ಮುಗಿಯುವಷ್ಟರಲ್ಲಿ ಗಡುವು ದಾಟಿ ಒಂಬತ್ತು ನಿಮಿಷವಾಗಿರುತ್ತದೆ. ಎರಡನೇ ಲೆವೆಲ್‌ನ ಸ್ಲಾಟ್ ಸುಡಲೇಬೇಕು. ಅಂದರೆ ಆ ದಿನ ಬೆಳಿಗ್ಗೆಯೇ ಮಂತ್ರ ಸಿದ್ಧವಿರಬೇಕು, ಒಂದು ಸ್ಲಾಟ್ ಉಳಿದಿರಬೇಕು, ನಾಣ್ಯ ಕೈಗೆ ಸಿಗುವಂತಿರಬೇಕು. ಕಾಳಗದ ನಡುವೆ ಚೀಲದ ತಳ ತಡಕಾಡುವ ಕ್ಲೆರಿಕ್‌ನನ್ನು ಡಿಎಂ (ಆಟ ನಡೆಸುವವರು) ಸುಮ್ಮನೆ ಬಿಡಬೇಕು ಅಂತೇನಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮಂತ್ರ ಗಡಿಯಾರವನ್ನು ನಿಲ್ಲಿಸುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ. ಸತ್ತ ಎರಡನೇ ರೌಂಡ್‌ನಲ್ಲಿ ಹಾಕಿದರೆ ಮುಂದೆ ಮಂತ್ರ ಮುಗಿದಾಗ ಇನ್ನೂ ಎಂಟು ರೌಂಡ್‌ನಷ್ಟು ಉಸಿರಾಡಲು ಜಾಗ ಇರುತ್ತದೆ. ಒಂಬತ್ತನೇ ರೌಂಡ್‌ನಲ್ಲಿ ಹಾಕಿದರೆ ಉಳಿಯುವುದು ಒಂದೇ ರೌಂಡ್. ಹತ್ತು ದಿನ ಆದ ಮೇಲೆ ನವೀಕರಿಸುವುದು ಒಂದು ಕ್ಷಣ ತಡವಾದರೂ ಸಾಕು, ಅಷ್ಟು ದಿನ ಹೊತ್ತು ತಂದಿದ್ದೆಲ್ಲ ನೀರಿನಲ್ಲಿ ಹೋಮ. ಅದಕ್ಕೆ ನವೀಕರಣವನ್ನು ಒಂಬತ್ತನೇ ದಿನವೇ ಮಾಡಿಬಿಡಿ. ಒಂದೇ ಮಂತ್ರ ಎರಡು ಸಲ ಬಿದ್ದರೆ ಎರಡರ ಫಲ ಕೂಡುವುದಿಲ್ಲ. ಮೊದಲನೆಯದು ಮುಗಿದ ಮೇಲೆ ಹೊಸದು ತನ್ನ ಪಾಡಿಗೆ ಉಳಿಯುತ್ತದೆ. ಒಂದು ದಿನ ಪೋಲಾದೀತು, ನಡುವೆ ಸಂದು ಮಾತ್ರ ಬೀಳುವುದಿಲ್ಲ. ಈ ನವೀಕರಣಕ್ಕೆ ರಿಚುಯಲ್ ಧಾರಾಳವಾಗಿ ಸಾಲುತ್ತದೆ.

ಅಷ್ಟಕ್ಕೂ ಜೆಂಟಲ್ ರಿಪೋಸ್, ರಿವಿವಿಫೈಗಳ ಈ ಜೋಡಿ ಕೆಲಸ ಮಾಡುತ್ತದೆಯೇ ಎಂಬುದೇ ಹಳೆಯ ಜಗಳ. ನಿಯಮದಲ್ಲಿ ಬರೆದಿರುವುದು ‘ದಿನಗಳು’ ಎಂದು, ಉದಾಹರಣೆ ಕೊಟ್ಟಿರುವುದು ರೈಸ್ ಡೆಡ್‌ನದು. ನಿಮಿಷದ ಗಡುವಿಗೆ ಇದು ಅನ್ವಯಿಸುವುದಿಲ್ಲ ಎಂದು ಹಟ ಹಿಡಿಯುವ ಡಿಎಂಗಳು ಇದ್ದಾರೆ. ಆದರೆ ಅದೇ ವಾಕ್ಯದ ಮೊದಲ ಭಾಗ, ಸತ್ತವರನ್ನು ಎಬ್ಬಿಸುವ ಗಡುವನ್ನು ಮಂತ್ರ ಮುಂದೂಡುತ್ತದೆ ಎನ್ನುತ್ತದೆ. ಯಾವ ಗಡುವು ಎಂದು ಬೇರ್ಪಡಿಸುವುದಿಲ್ಲ. ಹತ್ತು ದಿನವನ್ನು ಲೆಕ್ಕದಿಂದ ಬಿಟ್ಟ ಮೇಲೆ ನಿಮಿಷವನ್ನು ಬಿಡದೆ ಇರುವುದಕ್ಕೆ ಕಾರಣ ಕಾಣುವುದಿಲ್ಲ. ಜೋಡಿ ಕೆಲಸ ಮಾಡುತ್ತದೆ ಎಂಬುದೇ ಸರಿಯಾದ ಓದು. ಏನೇ ಇರಲಿ, ಈ ಪ್ರಶ್ನೆಯನ್ನು ಯಾರೂ ಸಾಯದೇ ಇರುವ ದಿನ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು. ಹೆಣ ಮುಂದೆ ಬಿದ್ದಿರುವಾಗ ವ್ಯಾಕರಣ ಬಿಡಿಸುತ್ತಾ ಕೂತರೆ ಇಬ್ಬರ ಮನಸ್ಸೂ ಕೆಡುತ್ತದೆ.

ಒಪ್ಪಿಕೊಂಡರೆ ಲಾಭ ದೊಡ್ಡದು. ಐದನೇ ಲೆವೆಲ್‌ನ ಕ್ಲೆರಿಕ್ ದೇವಾಲಯದ ಮುಂದೆ ಕೈಚಾಚಬೇಕಿಲ್ಲ. 500ರ ಬದಲು 300ರ ವಜ್ರ ಹುಡುಕಿದರೆ ಸಾಕು. ಜೊತೆಗೆ ರೈಸ್ ಡೆಡ್‌ನಿಂದ ಎದ್ದವರಿಗೆ ಅಟ್ಯಾಕ್, ಸೇವಿಂಗ್ ಥ್ರೋ, ಎಬಿಲಿಟಿ ಚೆಕ್ ಎಂದು ಉರುಳಿಸುವ ದಾಳ ಎಲ್ಲದರಲ್ಲೂ 4 ಕಡಿತ ಇರುತ್ತದೆ, ಪ್ರತಿ ಲಾಂಗ್ ರೆಸ್ಟ್‌ಗೆ ಒಂದೊಂದಾಗಿ ಇಳಿಯುತ್ತದೆ. ನಾಲ್ಕು ರಾತ್ರಿ ಕಳೆಯುವವರೆಗೆ ಆ ಪಾತ್ರ ಅರೆಜೀವ. ರಿವಿವಿಫೈಗೆ ಆ ತೆರಿಗೆ ಇಲ್ಲ.

ಇನ್ನು ನಾಣ್ಯಗಳು. ಆಟದ ಲೆಕ್ಕದಲ್ಲಿ 50 ನಾಣ್ಯ ಸೇರಿದರೆ ಒಂದು ಪೌಂಡ್. ಒಂದೊಂದು 9 ಗ್ರಾಂ ಆಸುಪಾಸು. ಬೆಲೆ ನೋಡಿದರೆ ನೂರು ತಾಮ್ರಕ್ಕೆ ಒಂದು ಚಿನ್ನ. ಸಾವಿನ ನಂತರ ಸ್ನಾಯುಗಳು ಸಡಿಲವಾಗಿ ರೆಪ್ಪೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ, ಸ್ವಲ್ಪ ಭಾರ ಬೇಕು. ನಿಜ ಜಗತ್ತಿನಲ್ಲೂ ಸತ್ತವರ ಕಣ್ಣ ಮೇಲೆ ಕಾಸು ಇಡುತ್ತಿದ್ದುದು ಅದಕ್ಕೇ. ಉಪ್ಪು ಮಾಂಸ ಕೆಡದಂತೆ ಕಾಯುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಎರಡನ್ನೂ ಸೇರಿಸಿ ಸಾಮಗ್ರಿ ಮಾಡಿದವರ ಕೈಚಳಕ ಮೆಚ್ಚಬೇಕಾದದ್ದು.

ತೊಂದರೆ ಇರುವುದು ‘ಅಲ್ಲೇ ಇರಬೇಕು’ ಎಂಬ ಮಾತಿನಲ್ಲಿ. ಹೆಣವನ್ನು ಕುದುರೆಯ ಬೆನ್ನಿಗೆ ಬೋರಲಾಗಿ ಹಾಕಿದಿರೋ, ನಾಣ್ಯ ಮೊದಲ ಹೆಜ್ಜೆಗೇ ದಾರಿ ಪಾಲು. ಅಂಗಾತ ಮಲಗಿಸಬೇಕು. ಮೊದಲು ರೆಪ್ಪೆಗಳನ್ನು ಮುಚ್ಚಿ, ನಾಣ್ಯ ಇಟ್ಟು, ಮೇಲೆ ಮಡಿಸಿದ ಬಟ್ಟೆಯ ಸಣ್ಣ ಗದ್ದಿಗೆ, ಅದರ ಮೇಲೆ ತಲೆಯ ಸುತ್ತ ಪಟ್ಟಿ. ಗಂಟು ಕಿವಿಯ ಪಕ್ಕಕ್ಕೆ ಬರಲಿ. ಹಿಂದೆ ಕಟ್ಟಿದರೆ ತಲೆ ಆಚೀಚೆ ಹೊರಳಿ ಪಟ್ಟಿ ಸಡಿಲವಾಗುತ್ತದೆ. ತಲೆಯ ಎರಡೂ ಬದಿಗೆ ಸುತ್ತಿದ ಕಂಬಳಿ ಒತ್ತು ಕೊಡಿ. ದಿನಕ್ಕೆರಡು ಸಲ ಪಟ್ಟಿ ಸಡಿಲಿಸದೆ ಬೆರಳಿನಿಂದ ಒತ್ತಿ ನೋಡುವ ಕೆಲಸ ಒಬ್ಬರಿಗೆ ವಹಿಸಿ, ಅದನ್ನು ಡಿಎಂ ಮುಂದೆ ಬಾಯಿಬಿಟ್ಟು ಹೇಳಿ. ಹೇಳದ್ದು ನಡೆದಿಲ್ಲ ಎನ್ನುವ ಡಿಎಂ ಎದುರು ಇದೊಂದೇ ರಕ್ಷೆ.

ಮೂರನೇ ದಿನ ಗಾಡಿ ಹಳ್ಳಕ್ಕಿಳಿದಾಗ ಒಂದು ನಾಣ್ಯ ಜಾರಿತು, ಐದನೇ ದಿನ ಸಂಜೆ ಯಾರೋ ಗಮನಿಸಿದರು ಎನ್ನಿ. ಮಂತ್ರ ಮೂರನೇ ದಿನವೇ ಮುಗಿದಿದೆ. ಎರಡೂವರೆ ದಿನ ಲೆಕ್ಕಕ್ಕೆ ಸೇರಿತು, ಮೊದಲಿನ ಅರ್ಧ ಸೇರಿ ಮೂರು. ರೈಸ್ ಡೆಡ್‌ಗೆ ಇನ್ನು ಏಳು ದಿನ. ಮತ್ತೆ ಹಾಕಿದರೆ ಗಡಿಯಾರ ಮತ್ತೆ ನಿಲ್ಲುತ್ತದೆ. ರಿವಿವಿಫೈ ನಂಬಿಕೊಂಡಿದ್ದವರಿಗೆ ಮಾತ್ರ ಆಟ ಅಲ್ಲಿಗೇ ಮುಗಿಯಿತು. ನಾಣ್ಯ ಬಿದ್ದಾಗ ಮಂತ್ರ ತಾತ್ಕಾಲಿಕವಾಗಿ ನಿಂತು, ಇಟ್ಟಾಗ ಮುಂದುವರಿಯುತ್ತದೆ ಎಂದು ಕೆಲವರು ಆಡಿಸುತ್ತಾರೆ. ಕೇಳಲು ಮೃದುವಾಗಿದೆ, ಆದರೆ ಗಂಟೆ ಗಂಟೆಯ ಲೆಕ್ಕ ಇಡುವ ತಲೆನೋವು ಯಾರಿಗೆ ಬೇಕು? ಬಿತ್ತು, ಮುಗಿಯಿತು ಎನ್ನುವುದೇ ಚೊಕ್ಕ.

ಹೊರುವುದೂ ಸಣ್ಣ ಕೆಲಸವಲ್ಲ. ಸ್ಟ್ರೆಂತ್ (ಮೈಬಲ) ಅಂಕವನ್ನು 15ರಿಂದ ಗುಣಿಸಿದರೆ ಎಷ್ಟು ಪೌಂಡ್ ಹೊರಬಹುದು ಎಂಬ ಲೆಕ್ಕ. 16 ಇದ್ದವರಿಗೆ 240. ಸತ್ತ ಫೈಟರ್ 180 ಪೌಂಡ್ ಇದ್ದು ಮೈಮೇಲೆ 65 ಪೌಂಡಿನ ಪ್ಲೇಟ್ ಕವಚ ಇದ್ದರೆ ಅಲ್ಲಿಗೇ ಮಿತಿ ದಾಟಿತು. ಕವಚ ಬಿಚ್ಚಲು 5 ನಿಮಿಷ ಕೊಡಿ. ಟೆನ್ಸರ್ಸ್ ಫ್ಲೋಟಿಂಗ್ ಡಿಸ್ಕ್ ಎಂಬ ತೇಲುವ ತಟ್ಟೆಯ ಮಂತ್ರ 500 ಪೌಂಡ್ ತಡೆಯುತ್ತದೆ, ರಿಚುಯಲ್ ಕೂಡ ಹೌದು. ಆದರೆ ಅದರ ಅಗಲ ಮೂರೇ ಅಡಿ, ಆಯಸ್ಸು ಒಂದೇ ಗಂಟೆ, 10 ಅಡಿ ಎತ್ತರದ ಏರುಪೇರು ದಾಟುವುದಿಲ್ಲ. ತಟ್ಟೆಯ ಎರಡೂ ಕಡೆ ಕಾಲು ತಲೆ ಇಳಿಬಿದ್ದು ನಾಣ್ಯ ಜಾರುವುದನ್ನು ಊಹಿಸಿಕೊಳ್ಳಿ; ಒಂದು ಹಲಗೆ ಕೆಳಗಿಡುವುದು ವಾಸಿ. ಬ್ಯಾಗ್ ಆಫ್ ಹೋಲ್ಡಿಂಗ್ ಎಂಬ ಮಾಯಾಚೀಲಕ್ಕೂ 500 ಪೌಂಡ್ ಮಿತಿ, ಬಾಯಿ 2 ಅಡಿ, ಆಳ 4 ಅಡಿ. ಸತ್ತವರಿಗೆ ಉಸಿರುಗಟ್ಟುವ ಚಿಂತೆ ಇಲ್ಲದ್ದರಿಂದ ಅನುಕೂಲವೇ, ಮಡಚಿ ತುರುಕುವಾಗ ಪಟ್ಟಿ ಕಿತ್ತುಬರದಂತೆ ನೋಡಿಕೊಂಡರೆ.

ಈ ಮಂತ್ರ ಕಾಯುವುದು ಕೊಳೆತದಿಂದ ಮಾತ್ರ. ತೋಳ ಕಚ್ಚಿಕೊಂಡು ಹೋದರೆ, ಬೆಂಕಿ ಬಿದ್ದರೆ, ಯಾರೋ ತಲೆ ಕಡಿದರೆ ಅದು ಅಡ್ಡ ಬರುವುದಿಲ್ಲ. ರೈಸ್ ಡೆಡ್ ಕಳೆದುಹೋದ ಅಂಗಗಳನ್ನು ಬೆಳೆಸುವುದಿಲ್ಲ. ತಲೆಯಂಥ ಜೀವಾಧಾರದ ಭಾಗವೇ ಇಲ್ಲದಿದ್ದರೆ ಅದು ವಿಫಲ. ಡಿಸ್‌ಇಂಟಿಗ್ರೇಟ್ ಮಂತ್ರದಿಂದ ಬೂದಿಯಾದವರ ಮೇಲೆ ಇದನ್ನು ಹಾಕಿ ಸ್ಲಾಟ್ ಕಳೆಯಬೇಡಿ. ಅವರನ್ನು ತರುವುದು ಟ್ರೂ ರೆಸರೆಕ್ಷನ್ ಅಥವಾ ವಿಶ್ ಎಂಬ ಮಂತ್ರ ಮಾತ್ರ. ಡಿಸ್ಪೆಲ್ ಮ್ಯಾಜಿಕ್ ಎಂಬ ಮಂತ್ರ ಮೂರು ಮತ್ತು ಅದಕ್ಕಿಂತ ಕೆಳಗಿನ ಲೆವೆಲ್‌ನ ಮಂತ್ರಗಳನ್ನು ದಾಳ ಉರುಳಿಸದೆಯೇ ಅಳಿಸುತ್ತದೆ, ಇದೂ ಅದರಲ್ಲೊಂದು. ಹಾಕಿದವರು ಮರುದಿನ ಸತ್ತರೆ? ಮಂತ್ರಕ್ಕೇನೂ ಆಗುವುದಿಲ್ಲ. ಈಗ ಹೆಣ ಎರಡು, ಅಷ್ಟೇ.

ಅನ್‌ಡೆಡ್ ಆಗದಂತೆ ತಡೆಯುವ ಭಾಗ ವೈಟ್ (wight) ಎಂಬ ಅನ್‌ಡೆಡ್‌ಗಳ ಜೊತೆ ಕಾದಾಡಿದಾಗ ನೆನಪಿರಬೇಕು. 2014ರ ನಿಯಮದಲ್ಲಿ ವೈಟ್‌ನ ಜೀವ ಹೀರುವ ಲೈಫ್ ಡ್ರೇನ್ ದಾಳಿಯಿಂದ ಸತ್ತ ಮನುಷ್ಯಜಾತಿಯವರು 24 ಗಂಟೆಯ ನಂತರ ಅದರ ಅಧೀನದ ಜೋಂಬಿಯಾಗಿ ಏಳುತ್ತಾರೆ. ಒಂದು ರಾತ್ರಿ ಮಲಗಿ ಬೆಳಿಗ್ಗೆ ರಿಚುಯಲ್ ಹಾಕುವಷ್ಟು ವ್ಯವಧಾನ ಅಲ್ಲಿದೆ. ಶ್ಯಾಡೋ ಎಂಬ ನೆರಳಿನಂಥ ಅನ್‌ಡೆಡ್ ಕೊಂದಿದ್ದರೆ ಹೊಸ ಶ್ಯಾಡೋ ಹುಟ್ಟಲು ಒಂದರಿಂದ ನಾಲ್ಕು ಗಂಟೆ, ನಿದ್ದೆಗೆ ಸಮಯವಿಲ್ಲ. ಅಲ್ಲೂ ಒಂದು ಗೋಜಲು: ಅಲ್ಲಿ ಹೆಣವೇ ಅನ್‌ಡೆಡ್ ಆಗುತ್ತಿಲ್ಲ, ಹೆಣದೊಳಗಿಂದ ನೆರಳು ಏಳುತ್ತಿದೆ. ಅಕ್ಷರಕ್ಕೆ ಅಂಟಿಕೊಂಡರೆ ಮಂತ್ರ ತಡೆಯುವುದಿಲ್ಲ. ಆದರೂ ತಡೆಯುತ್ತದೆ ಎಂದು ಬಿಟ್ಟುಕೊಡುವ ಡಿಎಂ ಆಟವನ್ನೇನೂ ಕೆಡಿಸುತ್ತಿಲ್ಲ.

ಹಳೆಯ 3.5 ಆವೃತ್ತಿಯಲ್ಲಿ ಈ ತಡೆ ಇರಲಿಲ್ಲ. 2003ರ 3.5ರಲ್ಲಿ ಕ್ಲೆರಿಕ್‌ಗೆ ಎರಡನೇ ಲೆವೆಲ್, ಸಾರ್ಸರರ್ ವಿಝಾರ್ಡ್‌ಗಳಿಗೆ ಮೂರನೇ ಲೆವೆಲ್. ಹಾಕಿದವರ ಲೆವೆಲ್ ಎಷ್ಟೋ ಅಷ್ಟು ದಿನ ಬಾಳಿಕೆ. ಆಗ ರೈಸ್ ಡೆಡ್‌ನ ಗಡುವೂ ಲೆವೆಲ್‌ಗೊಂದು ದಿನ, ವಜ್ರ 5,000ದ್ದು. ಖಳನಾಯಕ ನೆಕ್ರೊಮ್ಯಾನ್ಸರ್ ಹೆಣಗಳನ್ನು ತಾಜಾ ಇಟ್ಟುಕೊಂಡು ಬೇಕಾದಾಗ ಎಬ್ಬಿಸಲು ಇದೇ ಮಂತ್ರ ಬಳಸಬಹುದಿತ್ತು. ಐದನೇ ಆವೃತ್ತಿಯಲ್ಲಿ ಎಬ್ಬಿಸುವ ಮೊದಲು ನಾಣ್ಯ ಎತ್ತಬೇಕು. ಒಂದು ರೀತಿಯಲ್ಲಿ ಅದೇ ಸ್ವಿಚ್. ಕಾವಲಿನವನ ಕಣ್ಣು ತಪ್ಪಿಸಿ ಎರಡು ಕಾಸು ಕದ್ದವನೊಬ್ಬ ರಾಜಕುಮಾರನನ್ನು ಎರಡನೇ ಸಲ ಕೊಂದ ಹಾಗೆ. ಡಿಎಂಗೆ ಇಷ್ಟು ಅಗ್ಗದ ಕಥೆಯ ಬೀಜ ಬೇರೆಲ್ಲೂ ಸಿಗದು.

2024ರ ಪರಿಷ್ಕರಣೆ ಆ ಸ್ವಿಚ್ ಕಿತ್ತುಹಾಕಿದೆ. ಈಗ ಉಪ್ಪಿಲ್ಲ, ಎರಡು ತಾಮ್ರದ ನಾಣ್ಯ ಸಾಮಗ್ರಿ, ಮಂತ್ರ ಅವನ್ನು ನುಂಗಿಬಿಡುತ್ತದೆ. ಪ್ಯಾಲಡಿನ್ ಎಂಬ ವ್ರತಧಾರಿ ಯೋಧರ ಪಟ್ಟಿಗೂ ಸೇರಿದೆ. ಬೀಳುವ ನಾಣ್ಯ ಇಲ್ಲ, ಪಟ್ಟಿ ಕಟ್ಟುವ ಕೆಲಸ ಇಲ್ಲ. ಆಡಲು ಸಲೀಸು ಎಂಬುದು ನಿಜ. ಆದರೆ ಹಳೆಯ ಮಾತಿನಲ್ಲಿದ್ದ ಒಂದು ತುಂಟತನ ಹೋಯಿತು. ‘ಪ್ರತಿ ಕಣ್ಣಿನ ಮೇಲೆ’ ಎಂದಿದ್ದಾಗ ಬಿಹೋಲ್ಡರ್ ಎಂಬ ಬಹುಗಣ್ಣಿನ ರಾಕ್ಷಸನ ಹೆಣಕ್ಕೆ ನಡುಗಣ್ಣು ಒಂದು, ಕೊಂಬುಗಣ್ಣು ಹತ್ತು, ಒಟ್ಟು 11 ಕಾಸು ಬೇಕಿತ್ತು, ಸೈಕ್ಲಾಪ್ಸ್‌ಗೆ ಒಂದೇ. ಪ್ರಕೃತಿಯ ಆರಾಧಕ ಡ್ರೂಯಿಡ್ ಮುಂದೊಂದು ದಿನ ಹೊಸ ದೇಹ ಕೊಟ್ಟು ಬದುಕಿಸುವ ರೀಇನ್‌ಕಾರ್ನೇಟ್ ಹಾಕಲಿ ಎಂದು ಬರೀ ಒಂದು ಬೆರಳು ಎತ್ತಿಟ್ಟುಕೊಂಡವರು ಕಾಸು ಎಲ್ಲಿಡಬೇಕು? 3.5ರಲ್ಲಿ ಇದಕ್ಕೂ ಉತ್ತರ ಇತ್ತು: ಇರುವ ಅಥವಾ ಹಿಂದೆ ಇದ್ದ ಪ್ರತಿ ಕಣ್ಣಿಗೆ ಒಂದು.

ಪಾತ್ರ ಸತ್ತ ಆಟಗಾರರನ್ನು ಹತ್ತು ದಿನದ ಪ್ರಯಾಣದುದ್ದಕ್ಕೂ ಸುಮ್ಮನೆ ಕೂರಿಸುವುದು ಮಾತ್ರ ತಪ್ಪು. ಗಾಡಿ ಓಡಿಸುವವನೋ, ದಾರಿ ತೋರುವವಳೋ, ಒಂದು ತಾತ್ಕಾಲಿಕ ಪಾತ್ರ ಕೈಗಿಡಿ. ದಾರಿಯನ್ನು ಒಂದೆರಡು ಗಟ್ಟಿ ದೃಶ್ಯಗಳಲ್ಲಿ ಮುಗಿಸಿ. ಆಮೇಲೆ ವಜ್ರ ಸಿಕ್ಕಿ ರಿವಿವಿಫೈ ಬಿದ್ದಾಗ ಆ ಆಟಗಾರರಿಗೆ ಹೇಳಲು ಒಂದು ಸಂಗತಿ ಇದೆ: ನೀವು ಒಂದೇ ಹಿಟ್ ಪಾಯಿಂಟ್‌ನೊಂದಿಗೆ ಎಚ್ಚರಾಗಿದ್ದೀರಿ, ಸುತ್ತ ಕತ್ತಲು, ಕಣ್ಣ ಮೇಲೆ ಏನೋ ತಣ್ಣಗೆ ಒತ್ತುತ್ತಿದೆ, ತಲೆಗೆ ಯಾರೋ ಪಟ್ಟಿ ಕಟ್ಟಿದ್ದಾರೆ, ಗಂಟು ಕಿವಿಯ ಪಕ್ಕದಲ್ಲಿದೆ.